ಹಾಂಗ್‌ಝೌನಲ್ಲಿ ಎಂಟು ವರ್ಷ: ಚೀನಾದ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2015ರ ಶರತ್ಕಾಲದಿಂದ 2023ರ ಕೊನೆಯವರೆಗೆ, ಪತಿಯ ಉದ್ಯೋಗದ ನಿಮಿತ್ತ, ನಾನು ಚೀನಾದ ಹಾಂಗ್‌ಝೌ ನಗರದಲ್ಲಿದ್ದೆ. ಶಿರಸಿಗೆ ಮರಳಿದ ಮೇಲೆ ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಬೆಂಗಳೂರಿನ ಬಂಧುಗಳ ಮನೆಯಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವಸರದಲ್ಲಿ ಒಂದೆರಡು ಮಾತು ಹೇಳಿ ಮುಗಿಸಿದಾಗಲೆಲ್ಲ ಆ ಊರಿಗೆ ಅನ್ಯಾಯ ಮಾಡಿದೆನೇನೋ ಎಂಬ ಅಳುಕು ಉಳಿಯುತ್ತಿತ್ತು. ಆದ್ದರಿಂದ ಸಾವಧಾನವಾಗಿ ಬರೆದಿದ್ದೇನೆ. 140 ಕೋಟಿ ಜನರ ದೇಶದ ಬಗ್ಗೆ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಆರು ಮಹಡಿಯ, ಲಿಫ್ಟ್ ಇಲ್ಲದ, ಹಳೆಯ ವಸತಿ ಕಟ್ಟಡವೊಂದರ ಮೂರನೆಯ ಮಹಡಿಯಿಂದ ಕಂಡದ್ದು ಮಾತ್ರ ಇಲ್ಲಿದೆ.

ಹಾಂಗ್‌ಝೌ ಎಂಥ ಊರು?

ಶಾಂಘೈಯಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿರುವ, ಝೆಜಿಯಾಂಗ್ ಪ್ರಾಂತದ ರಾಜಧಾನಿ ಇದು. 12 ಮತ್ತು 13ನೆಯ ಶತಮಾನಗಳಲ್ಲಿ ದಕ್ಷಿಣ ಸುಂಗ್ ಅರಸರ ರಾಜಧಾನಿಯಾಗಿತ್ತು. ಬೀಜಿಂಗ್‌ನಿಂದ ಹೊರಡುವ ಮಹಾಕಾಲುವೆ ಬಂದು ಮುಗಿಯುವುದು ಇಲ್ಲಿಯೇ. ಊರ ನಡುವಿನ ಪಶ್ಚಿಮ ಸರೋವರವು 2011ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1999ರಲ್ಲಿ ಆನ್‌ಲೈನ್ ವ್ಯಾಪಾರದ ಅಲಿಬಾಬಾ ಕಂಪನಿ ಹುಟ್ಟಿದ್ದೂ ಇದೇ ಊರಿನಲ್ಲಿ. ಒಂದೇ ಸಂಜೆಯಲ್ಲಿ ಸಾವಿರ ವರ್ಷ ಹಳೆಯ ದಂಡೆಯ ಮೇಲೆ ನಡೆದು, ಮನೆಗೆ ಬರುವಷ್ಟರಲ್ಲಿ ಬಾಗಿಲಿಗೆ ತರಕಾರಿ ಬಂದಿರುವುದನ್ನು ನೋಡಬಹುದಾದ ಊರು ಅದು.

ಮಲೆನಾಡಿನವರಿಗೆ ಅಲ್ಲಿನ ಜೂನ್ ತಿಂಗಳು ಹೊಸದೆನಿಸುವುದಿಲ್ಲ. ಪ್ಲಮ್ ಹಣ್ಣು ಮಾಗುವ ಹೊತ್ತಿಗೆ ಹಿಡಿಯುವ ಮಳೆಗೆ 'ಮೇಯ್‌ಯು' ಎನ್ನುತ್ತಾರೆ. ಗೋಡೆಗೆ, ಚರ್ಮದ ಚಪ್ಪಲಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವುದು ನಮ್ಮ ಆಷಾಢದಂತೆಯೇ. ಆದರೆ ಚಳಿಗಾಲ ನಮ್ಮದಲ್ಲ. ಹುವಾಯ್ ನದಿಯ ಉತ್ತರಕ್ಕಿರುವ ಊರುಗಳಲ್ಲಿ ಚಳಿಗಾಲವಿಡೀ ಮನೆಮನೆಗೂ ಶಾಖ ಒದಗಿಸುವ ಸಾರ್ವಜನಿಕ ವ್ಯವಸ್ಥೆ ಇದೆ, ದಕ್ಷಿಣಕ್ಕಿಲ್ಲ. ದಕ್ಷಿಣದ ಪಾಲಿಗೆ ಬಂದ ಹಾಂಗ್‌ಝೌನಲ್ಲಿ ಜನವರಿ ತಿಂಗಳು ಮನೆಯೊಳಗೂ ದಪ್ಪ ಕೋಟು ಹಾಕಿಕೊಂಡು, ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂರುವುದೇ ಪದ್ಧತಿ.

ಚೀನೀ ಭಾಷೆ ಕಲಿಯುವುದು ಕನ್ನಡಿಗರಿಗೆ ಬಹಳ ಕಷ್ಟವೇ?

ಲಿಪಿ ಕಷ್ಟ, ಸ್ವರದ ಏರಿಳಿತ ಇನ್ನೂ ಕಷ್ಟ. ಆದರೆ ಆ ಭಾಷೆಯೊಳಗಿನ ಮನೆ ನಮಗೆ ಪರಿಚಿತ. ಇಂಗ್ಲಿಷಿನ 'ಅಂಕಲ್' ಎಂಬ ಒಂದು ಮಾತಿನಲ್ಲಿ ಮುಳುಗಿಹೋಗುವ ಸಂಬಂಧಗಳೆಲ್ಲ ಚೀನೀಯಲ್ಲಿ ಬೇರೆ ಬೇರೆಯಾಗಿ ಉಳಿದಿವೆ. ದೊಡ್ಡಪ್ಪ 'ಬೋಬೋ', ಚಿಕ್ಕಪ್ಪ 'ಶುಶು', ಸೋದರಮಾವ 'ಜಿಯುಜಿಯು', ಸೋದರತ್ತೆ 'ಗುಗು'. ಅಣ್ಣನಿಗೊಂದು, ತಮ್ಮನಿಗೊಂದು, ಅಕ್ಕನಿಗೊಂದು, ತಂಗಿಗೊಂದು ಪದ. ತರಗತಿಯಲ್ಲಿದ್ದ ಯುರೋಪಿನ ಸಹಪಾಠಿಗಳು ಇದನ್ನು ಕೋಷ್ಟಕ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಾಗ ನಾನು ಒಂದೊಂದು ಪದಕ್ಕೂ ನಮ್ಮ ಮನೆಯ ಒಬ್ಬೊಬ್ಬರನ್ನು ಕೂರಿಸಿ ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಹಳೆಯ ತಲೆಮಾರಿನವರು ಎದುರು ಸಿಕ್ಕಾಗ ಕೇಳುವುದು ಕೂಡ 'ಊಟ ಆಯ್ತಾ' ಎಂದೇ.

ತಾಯಿಯ ವಯಸ್ಸಿನ ಪರಿಚಿತ ಹೆಂಗಸರನ್ನು ಅಲ್ಲಿ 'ಆಯಿ' ಎಂದು ಕರೆಯುತ್ತಾರೆ. ನಮ್ಮ ಶಿರಸಿ ಕಡೆಯ ಹವ್ಯಕರ ಮನೆಗಳಲ್ಲಿ ಆಯಿ ಎಂದರೆ ಹೆತ್ತ ತಾಯಿ. ಪಕ್ಕದ ಮನೆಯವರನ್ನು ಮೊದಲ ಸಲ ಹಾಗೆ ಕರೆದಾಗ ನನಗೆ ಗಂಟಲು ಕಟ್ಟಿತು. ಈ ಬರಹದಲ್ಲಿ ಅವರ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಚೀನಾದ ಬಗ್ಗೆ ನನಗೆ ತಿಳಿದಿರುವುದರಲ್ಲಿ ಅರ್ಧದಷ್ಟನ್ನು ಕಲಿಸಿದವರು ಅವರು. ಅನ್‌ಹುಯಿ ಪ್ರಾಂತದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು.

ಇಂದು ಚೀನಾದಲ್ಲಿ ಹೆಚ್ಚಿನವರು ಬರೆಯುವುದು ಫೋನಿನಲ್ಲಿ. 1958ರಲ್ಲಿ ಜಾರಿಗೆ ಬಂದ 'ಪಿನ್‌ಯಿನ್' ಪದ್ಧತಿಯಂತೆ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಒತ್ತಿದರೆ ಯಂತ್ರವೇ ಚಿತ್ರಾಕ್ಷರಗಳನ್ನು ಮುಂದಿಡುತ್ತದೆ, ಸರಿಯಾದುದನ್ನು ಆರಿಸಿಕೊಂಡರಾಯಿತು. ಇದರಿಂದಾಗಿ, ಓದಲು ಚೆನ್ನಾಗಿ ಬರುವ ಅಕ್ಷರವೇ ಬರೆಯಹೊರಟಾಗ ಕೈಗೆ ಬಾರದಿರುವುದು ವಿದ್ಯಾವಂತರಲ್ಲೂ ಸಾಮಾನ್ಯವಾಗಿದೆ. ಲೇಖನಿ ಎತ್ತಿದೊಡನೆ ಅಕ್ಷರ ಮರೆಯುವುದು ಎಂದು ಇದಕ್ಕೊಂದು ನುಡಿಗಟ್ಟೇ ಇದೆ. ಆಯಿಗೆ ಇದು ಸಹಿಸದ ವಿಷಯ. ಮೊಮ್ಮಗಳಿಗೆ ತಂದಂಥದ್ದೇ ಒಂದು ಚೌಕಳಿ ಪುಸ್ತಕವನ್ನು ನನಗೂ ತಂದುಕೊಟ್ಟು, ದಿನಕ್ಕೊಂದು ಪುಟ ಬರೆಯಿಸಿ, ತಪ್ಪಿದ ಗೆರೆಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರು. ಆ ಪುಸ್ತಕದ ಒಂದೊಂದು ಚೌಕವೂ ನಡುವೆ ಬದುವಿರುವ ಗದ್ದೆಯಂತಿರುತ್ತದೆ. ಚೀನೀಯಲ್ಲಿ ಗದ್ದೆ ಎಂಬ ಅಕ್ಷರದ ಆಕಾರವೂ ಅದೇ.

ಶುದ್ಧ ಸಸ್ಯಾಹಾರಿಗಳು ಅಲ್ಲಿ ಹೇಗೆ ಬದುಕುತ್ತಾರೆ?

ಮನೆಯಲ್ಲಿ ಅಡುಗೆ ಮಾಡಿಕೊಂಡರೆ ಬಹಳ ಚೆನ್ನಾಗಿಯೇ ಬದುಕಬಹುದು. ಸೊಪ್ಪುಗಳ ವೈವಿಧ್ಯವಂತೂ ನಮ್ಮ ಯಾವ ಸಂತೆಯಲ್ಲೂ ನಾನು ಕಂಡದ್ದಲ್ಲ. ಕಮಲದ ದಂಟು, ನಾನಾ ಬಗೆಯ ತೋಫು, ಚಳಿಗಾಲದ್ದು ಬೇರೆ ವಸಂತದ್ದು ಬೇರೆಯಾಗಿ ಬರುವ ಕಳಲೆ ಎಲ್ಲವೂ ಸಿಗುತ್ತವೆ. ಕಳಲೆಯನ್ನು ನೆನೆಹಾಕಿ ನೀರು ಬದಲಾಯಿಸುವ ನಮ್ಮ ಕ್ರಮವನ್ನು ಹೇಳಿದಾಗ ಆಯಿ, ನಮ್ಮ ಊರಿನ ಬಿದಿರಿಗೆ ಕಹಿ ಕಡಿಮೆ, ಒಮ್ಮೆ ಕುದಿಸಿ ಬಸಿದರೆ ಸಾಕು ಎಂದರು.

ಹೊರಗಿನ ಊಟದಲ್ಲಿ ಎಚ್ಚರ ಬೇಕು. 'ಮಾಂಸ ಬೇಡ' ಎಂದರೆ ತುಂಡುಗಳು ಬೇಡವೆಂದಷ್ಟೇ ಅರ್ಥವಾಗಿ, ಹಂದಿಯ ಕೊಬ್ಬಿನಲ್ಲಿ ಹುರಿದ ಸೊಪ್ಪು ಬರಬಹುದು. ಅದರ ಬದಲು 'ನಾನು ಸು ತಿನ್ನುವವಳು' ಎಂದು ಹೇಳಬೇಕು. 'ಸು' ಎಂಬುದು ಬೌದ್ಧರ ವ್ರತದ ಊಟ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ನಿಷಿದ್ಧ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾತ್ರ 'ಸು' ಪಾಲಿಸುವ ಹಿರಿಯರು ನಮ್ಮ ಕಟ್ಟಡದಲ್ಲೇ ಇಬ್ಬರಿದ್ದರು. ಏಕಾದಶಿಯ ಅರ್ಥವನ್ನು ಅವರಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಅಲ್ಲಿಯೂ ಅಡಿಕೆ ತಿನ್ನುತ್ತಾರಂತೆ, ನಿಜವೇ?

ಶಿರಸಿಯವರು ತಪ್ಪದೆ ಕೇಳುವ ಪ್ರಶ್ನೆ ಇದು. ಹಾಂಗ್‌ಝೌನಲ್ಲಿ ಆ ಅಭ್ಯಾಸ ಇಲ್ಲ. ಹುನಾನ್ ಪ್ರಾಂತದಲ್ಲಿ ವಿಪರೀತವಾಗಿ ಇದೆ. ಹೈನಾನ್ ದ್ವೀಪದಲ್ಲಿ ಬೆಳೆದ ಎಳೆಯ ಕಾಯಿಯನ್ನು ಒಣಗಿಸಿ, ಸೀಳಿ, ಸಿಹಿ ಪಾಕ ಸವರಿ, ಸಿಪ್ಪೆಸಮೇತ ಅಗಿಯುತ್ತಾರೆ. ಬಾಯಿಯ ಕ್ಯಾನ್ಸರಿನ ಆತಂಕದಿಂದ ಅದರ ವಿರುದ್ಧ ದನಿ ಎದ್ದು, 2021ರಲ್ಲಿ ಟಿವಿ ಮತ್ತು ರೇಡಿಯೊಗಳಲ್ಲಿ ಅಡಿಕೆಯ ಜಾಹೀರಾತನ್ನು ಸರ್ಕಾರ ನಿಲ್ಲಿಸಿತು.

ಅಲ್ಲಿ ನಗದು ಹಣವೇ ನಡೆಯುವುದಿಲ್ಲವೇ?

ಕಾನೂನಿನ ಪ್ರಕಾರ ನಗದನ್ನು ನಿರಾಕರಿಸುವಂತಿಲ್ಲ. ವ್ಯವಹಾರದಲ್ಲಿ ಕೈಚೀಲ ಒಯ್ಯುವವರೇ ಅಪರೂಪ. 2004ರಲ್ಲಿ ಆರಂಭವಾದ ಅಲಿಪೇ, 2011ರಲ್ಲಿ ಬಂದ ವೀಚಾಟ್ ಎಂಬೆರಡು ವ್ಯವಸ್ಥೆಗಳು ಪೇಟೆಯನ್ನು ಪೂರ್ತಿ ಆವರಿಸಿವೆ. ಇಂದು ಶಿರಸಿಯ ಬಸಳೆ ಸೊಪ್ಪಿನವರ ಬುಟ್ಟಿಯ ಮೇಲೂ ಕ್ಯೂಆರ್ ಚೀಟಿ ಇರುವುದರಿಂದ ನಮ್ಮವರಿಗೆ ಇದು ಸೋಜಿಗವಲ್ಲ. ಆದರೆ ವೀಚಾಟನ್ನು ಹಣ ಕಳಿಸುವ ಸಾಧನ ಎಂದುಕೊಂಡರೆ ಸಾಲದು. ಮಾತು, ಪತ್ರ, ಬಾಡಿಗೆ, ವಿದ್ಯುತ್ ಬಿಲ್ಲು, ಆಸ್ಪತ್ರೆಯ ಸರದಿ, ಶಾಲೆಯ ಸೂಚನೆ, ಗುಂಪುಗಳ ಜಗಳ ಎಲ್ಲವೂ ಅದೊಂದರಲ್ಲೇ ನಡೆಯುವುದರಿಂದ, ಅದನ್ನು ಕಳೆದುಕೊಂಡ ವ್ಯಕ್ತಿ ಊರಿನಲ್ಲಿದ್ದೂ ಊರ ಹೊರಗಿನವನಾಗುತ್ತಾನೆ.

ಹೊಸ ವರ್ಷಕ್ಕೆ ಹಿರಿಯರು ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹಣ ಕೊಡುವ 'ಹೊಂಗ್‌ಬಾವ್' ಸಂಪ್ರದಾಯವನ್ನು ವೀಚಾಟ್ 2014ರಲ್ಲಿ ಫೋನಿನೊಳಕ್ಕೆ ತಂದಿತು. ಕೋಟ್ಯಂತರ ಜನ ತಮ್ಮ ಬ್ಯಾಂಕಿನ ಖಾತೆಯನ್ನು ಅದಕ್ಕೆ ಜೋಡಿಸಿಕೊಂಡದ್ದು ಆ ಲಕೋಟೆಯ ಆಸೆಯಿಂದ. ಹೊಸ ತಂತ್ರಜ್ಞಾನ ಹಳೆಯ ಆಚಾರವನ್ನು ನುಂಗಿಹಾಕುತ್ತದೆ ಎಂದು ನಂಬಿ ಹೋಗಿದ್ದ ನಾನು ಇಲ್ಲಿ ಬೇರೆಯದನ್ನೇ ಕಂಡೆ: ಆಚಾರ ತಾನಾಗಿ ಮುಂದೆ ಬಂದು ಯಂತ್ರವನ್ನು ಹೊತ್ತು ನಡೆದಿತ್ತು. ಆ ಭಾರ ಮನೆಯ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ಸ್ಮಾರ್ಟ್‌ಫೋನ್ ಬಾರದ ವೃದ್ಧರ ಗತಿ ಏನು?

2020ರ ಫೆಬ್ರವರಿಯಲ್ಲಿ, ಕೊರೊನಾದ ಮೊದಲ ಅಲೆಯಲ್ಲಿ, 'ಆರೋಗ್ಯ ಸಂಕೇತ' ಎಂಬ ವ್ಯವಸ್ಥೆಯನ್ನು ಮೊದಲಿಗೆ ಜಾರಿಗೆ ತಂದ ನಗರಗಳಲ್ಲಿ ಹಾಂಗ್‌ಝೌ ಮುಂಚೂಣಿಯಲ್ಲಿತ್ತು. ಫೋನಿನ ಚೌಕ ಹಸಿರಿದ್ದರೆ ಓಡಾಟ, ಹಳದಿಯಾದರೆ ಏಳು ದಿನ, ಕೆಂಪಾದರೆ ಹದಿನಾಲ್ಕು ದಿನ ಮನೆವಾಸ. ಕೆಲವೇ ವಾರಗಳಲ್ಲಿ ಅದು ದೇಶವಿಡೀ ಹರಡಿತು. ಸೋಂಕು ತಡೆಯುವಲ್ಲಿ ಆ ವರ್ಷ ಅದು ನೆರವಾಯಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಬೆಳಗ್ಗೆ ಬಸ್ಸಿನ ಬಾಗಿಲಲ್ಲಿ ತರಕಾರಿಯ ಚೀಲ ಹಿಡಿದು ನಿಂತ ಮುದುಕರೊಬ್ಬರು ಗುಂಡಿಗಳಿರುವ ಹಳೆಯ ಫೋನನ್ನು ಚಾಲಕನತ್ತ ಚಾಚಿ, ಇದರಲ್ಲಿ ಹಸಿರು ಎಲ್ಲಿ ಬರುತ್ತದೆ ಹೇಳಪ್ಪಾ ಎಂದು ಕೇಳುತ್ತಿದ್ದರು. ಬಸ್ಸು ಅವರನ್ನು ಬಿಟ್ಟು ಹೊರಟಿತು. ನಾನು ಒಳಗಿದ್ದೆ, ಇಳಿದು ಅವರ ಜೊತೆ ನಡೆಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಇಂಥ ಘಟನೆಗಳು ಎಲ್ಲೆಡೆ ನಡೆದು ದೊಡ್ಡ ಚರ್ಚೆಯಾದ ಬಳಿಕ, ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಹಿರಿಯರಿಗಾಗಿ ಫೋನಿಲ್ಲದ ದಾರಿಯನ್ನೂ ಉಳಿಸಬೇಕೆಂದು ಆದೇಶ ಹೊರಡಿಸಿತು. ಆಸ್ಪತ್ರೆಗಳಲ್ಲಿ ಮನುಷ್ಯರು ಕೂರುವ ಕಿಟಕಿಗಳು ಮರಳಿದವು. ಆ್ಯಪ್‌ಗಳಿಗೆ ದೊಡ್ಡ ಅಕ್ಷರದ ಆವೃತ್ತಿಗಳು ಬಂದವು. ಹಾಗಿದ್ದೂ ದಿನನಿತ್ಯದಲ್ಲಿ ಹಿರಿಯರನ್ನು ದಡ ಮುಟ್ಟಿಸಿದ್ದು ಮನೆಯ ಮಕ್ಕಳೇ. ನಮ್ಮ ಆಯಿಯ ಆಸ್ಪತ್ರೆಯ ಸರದಿಯನ್ನು ಕಾದಿರಿಸುತ್ತಿದ್ದುದು ಏಳು ವರ್ಷದ ಮೊಮ್ಮಗಳು.

ಗಂಡ ಹೆಂಡತಿ ಇಬ್ಬರೂ ದುಡಿಯುವಾಗ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?

ಅಜ್ಜ ಅಜ್ಜಿಯರು. ಈ ಉತ್ತರ ಚಿಕ್ಕದು, ಅದರ ಹಿಂದಿನ ಕತೆ ದೊಡ್ಡದು.

ತಂತ್ರಜ್ಞಾನದ ಕಂಪನಿಗಳಲ್ಲಿ '996' ಎಂಬ ರೂಢಿ ಬೆಳೆದಿತ್ತು: ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ. 2019ರಲ್ಲಿ ಅದರ ವಿರುದ್ಧ ಯುವ ಎಂಜಿನಿಯರುಗಳು ಬಹಿರಂಗವಾಗಿ ದನಿ ಎತ್ತಿದರು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಕಾನೂನುಬಾಹಿರ ಎಂದು ಸಾರಿತು. ಆದರೂ ನಮ್ಮ ಕಿಟಕಿಯಿಂದ ಕಾಣುವ ಕಚೇರಿಗಳ ದೀಪ ರಾತ್ರಿ ಹತ್ತರವರೆಗೆ ಉರಿಯುತ್ತಲೇ ಇತ್ತು. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತವರಲ್ಲಿ ಹತ್ತರಲ್ಲಿ ಏಳೆಂಟು ಜನ ನರೆತ ತಲೆಯವರೇ ಇರುತ್ತಿದ್ದರು.

ಅವರಲ್ಲಿ ಅನೇಕರು ಆ ಊರಿನವರಲ್ಲ. ಮೊಮ್ಮಕ್ಕಳನ್ನು ಸಾಕಲೆಂದು ಹಳ್ಳಿ ಬಿಟ್ಟು ಮಕ್ಕಳ ನಗರಕ್ಕೆ ಬಂದ ಹಿರಿಯರಿಗೆ ಚೀನೀಯಲ್ಲಿ 'ಲಾವ್‌ಪ್ಯಾವ್' ಎನ್ನುತ್ತಾರೆ. ನೀರ ಮೇಲೆ ತೇಲುತ್ತಿರುವ ಮುದುಕರು ಎಂಬುದು ಅದರ ಭಾವ. ಆಯಿ ಅಂಥವರಲ್ಲಿ ಒಬ್ಬರು. ಅವರ ಊರಮಾತು ಹಾಂಗ್‌ಝೌನವರಿಗೆ ತಿಳಿಯದು, ಹಾಂಗ್‌ಝೌನವರ ಮಾತು ಇವರಿಗೆ ತಿಳಿಯದು. ಎರಡೂ ಕಡೆಯವರು ಪುಟೊಂಗ್‌ಹುವಾ ಎಂಬ ಶಿಷ್ಟಭಾಷೆಯಲ್ಲಿ ತಡವರಿಸುತ್ತ ಮಾತನಾಡುತ್ತಿದ್ದರು, ಮೊಮ್ಮಗಳಿಗೆ ಬರುವುದು ಅದೊಂದೇ. ಆಯಿಯ ಗಂಡ ಹಳ್ಳಿಯಲ್ಲೇ ಉಳಿದಿದ್ದರು, ಚಹಾ ಗಿಡಗಳನ್ನು ನೋಡಲು ಯಾರಾದರೂ ಬೇಕಲ್ಲ. ಅರವತ್ತು ದಾಟಿದ ದಂಪತಿ ಮಗನ ಸಂಸಾರ ನಡೆಯಲೆಂದು ಎಂಟು ವರ್ಷ ಬೇರೆ ಬೇರೆ ಊರಿನಲ್ಲಿದ್ದರು.

ಇದರ ಜೊತೆಗೆ 'ಹುಕೋವ್' ಎಂಬ ತೊಡಕಿದೆ. 1958ರ ಕಾನೂನಿನಿಂದ ಬಂದ ಈ ಕುಟುಂಬ ನೋಂದಣಿಯು ಪ್ರತಿಯೊಬ್ಬನನ್ನೂ ಒಂದು ಊರಿಗೆ ಕಟ್ಟುತ್ತದೆ. ದುಡಿಮೆಗೆ ಎಲ್ಲಿಗಾದರೂ ಹೋಗಬಹುದು. ಸರ್ಕಾರಿ ಶಾಲೆ, ವೈದ್ಯಕೀಯ ವಿಮೆ, ಪಿಂಚಣಿ ಮುಂತಾದ ಸೌಲಭ್ಯಗಳು ಬಹುಮಟ್ಟಿಗೆ ನೋಂದಣಿಯ ಊರಿನಲ್ಲೇ ಉಳಿಯುತ್ತವೆ. ಹಳ್ಳಿಯಿಂದ ಬಂದು ಕೂಲಿ, ಕಾರ್ಖಾನೆ, ಪಾರ್ಸೆಲ್ ಹಂಚಿಕೆಯ ಕೆಲಸಗಳಲ್ಲಿ ದುಡಿಯುವ ಸುಮಾರು 30 ಕೋಟಿ ಜನರ ಬದುಕನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪದ ತಿಳಿದಿರಬೇಕು. ಇತ್ತೀಚಿನ ವರ್ಷಗಳಲ್ಲಿ ಸಣ್ಣ ನಗರಗಳು ನಿಯಮವನ್ನು ಸಡಿಲಿಸಿವೆ, ಪ್ರಾಂತ ದಾಟಿ ವಿಮೆಯ ಹಣ ಪಡೆಯುವುದೂ ಸುಲಭವಾಗಿದೆ. ಆದರೆ ತಂದೆತಾಯಿ ನಗರದಲ್ಲಿ ದುಡಿಯುತ್ತಿದ್ದು, ಮಕ್ಕಳು ಅಜ್ಜಿಯ ಬಳಿ ಹಳ್ಳಿಯಲ್ಲಿ ಬೆಳೆಯುವ ಕುಟುಂಬಗಳು ಈಗಲೂ ಲಕ್ಷಾಂತರ ಇವೆ. ನಮ್ಮ ಬಾಗಿಲಿಗೆ ಪಾರ್ಸೆಲ್ ತರುತ್ತಿದ್ದ ಯುವಕ ತನ್ನ ಮಗಳಿಗೆ ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ. 2024ರಲ್ಲಿ ಆ ದೇಶದಲ್ಲಿ ಹಂಚಲಾದ ಪಾರ್ಸೆಲ್‌ಗಳ ಸಂಖ್ಯೆ 17,000 ಕೋಟಿಗೂ ಹೆಚ್ಚು ಎಂದು ಓದಿದಾಗ ನನಗೆ ನೆನಪಾದದ್ದು ಆ ಹುಡುಗನ ಫೋನಿನ ಪರದೆಯ ಮೇಲಿದ್ದ ಮಗುವಿನ ಚಿತ್ರ.

ಒಂದೇ ಮಗು ಎಂಬ ನಿಯಮ ಹೋದ ಮೇಲೆ ಜನ ಹೆಚ್ಚು ಮಕ್ಕಳನ್ನು ಹೆರುತ್ತಿಲ್ಲವೇ?

ಇಲ್ಲ. 1980ರ ಸುಮಾರಿಗೆ ಬಿಗಿಯಾಗಿ ಜಾರಿಗೆ ಬಂದ ಆ ನಿಯಮ 2016ರ ಜನವರಿಯಲ್ಲಿ ಎರಡು ಮಕ್ಕಳಿಗೆ, 2021ರಲ್ಲಿ ಮೂರು ಮಕ್ಕಳಿಗೆ ಸಡಿಲವಾಯಿತು. ಆದರೆ 2022ರಲ್ಲಿ, ಆರು ದಶಕಗಳಲ್ಲಿ ಮೊದಲ ಬಾರಿಗೆ, ಅಲ್ಲಿನ ಜನಸಂಖ್ಯೆ ಇಳಿಯಿತು. 2013ರಲ್ಲಿ 1.3 ಕೋಟಿಗೂ ಹೆಚ್ಚು ಮದುವೆಗಳು ನೋಂದಣಿಯಾಗಿದ್ದವು. 2024ರಲ್ಲಿ ಅದು ಸುಮಾರು 61 ಲಕ್ಷ.

ಸರ್ಕಾರಿ ಶಿಕ್ಷಕಿಯಾಗಿದ್ದ ಆಯಿಗೆ ಎರಡನೆಯ ಮಗುವಿನ ಮಾತೇ ಇರಲಿಲ್ಲ, ಕೆಲಸ ಹೋಗುತ್ತಿತ್ತು. ನಿಯಮ ಸಡಿಲವಾದ ವರ್ಷ ಅವರು ಸೊಸೆಯ ಮುಂದೆ ಮೆಲ್ಲಗೆ ವಿಷಯ ಎತ್ತಿದರು. ಸೊಸೆ ಸಿಟ್ಟಾಗಲಿಲ್ಲ, ಮನೆಯ ಸಾಲ, ಶಾಲೆಯ ಖರ್ಚು, ತನ್ನ ಕೆಲಸ ಎಲ್ಲವನ್ನೂ ಎಣಿಸಿ ಹೇಳಿ, ಇನ್ನೊಂದನ್ನು ಸಾಕಲು ನಿಮಗೆ ಶಕ್ತಿ ಇದೆಯೇ ಅಮ್ಮಾ ಎಂದಷ್ಟೇ ಕೇಳಿದಳು. ಆಯಿ ಮತ್ತೆ ಆ ಮಾತು ಆಡಲಿಲ್ಲ.

ಮಗನೂ ಒಬ್ಬನೇ, ಸೊಸೆಯೂ ಒಬ್ಬಳೇ. ಹಾಗಾಗಿ ಆ ಮೊಮ್ಮಗಳಿಗೆ ದೊಡ್ಡಪ್ಪ ಇಲ್ಲ, ಚಿಕ್ಕಪ್ಪ ಇಲ್ಲ, ಸೋದರಮಾವ ಇಲ್ಲ, ಸೋದರತ್ತೆ ಇಲ್ಲ, ಅವರ ಮಕ್ಕಳೂ ಇಲ್ಲ. ನಾನು ಒಂದೇ ಮಧ್ಯಾಹ್ನದಲ್ಲಿ ಕಲಿತೆನೆಂದು ಹೆಮ್ಮೆಪಟ್ಟಿದ್ದ ಆ ಪದಗಳನ್ನು ಅವಳು ಶಾಲೆಯ ಪಾಠವಾಗಿ ಬಾಯಿಪಾಠ ಮಾಡುವುದನ್ನು ನೋಡಿದೆ. ಬೋಬೋ ಎಂದರೆ ಯಾರು ಎಂದು ಅವಳು ಅಜ್ಜಿಯನ್ನು ಕೇಳುತ್ತಿದ್ದಳು. ಈ ಎಂಟು ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ದೃಶ್ಯ ಅದು. ಒಂದು ನಿಯಮವನ್ನು ಒಂದು ದಿನದಲ್ಲಿ ಹಿಂತೆಗೆದುಕೊಳ್ಳಬಹುದು. ಬರಿದಾದ ಸಂಬಂಧದ ಹೆಸರುಗಳಿಗೆ ಮನುಷ್ಯರನ್ನು ಮತ್ತೆ ತುಂಬಲು ಯಾವ ಸರ್ಕಾರದಿಂದಲೂ ಆಗದು.

ಅಂದಹಾಗೆ, ನಮ್ಮಲ್ಲಿ ಹಲವು ಸಮುದಾಯಗಳಲ್ಲಿ ಸೋದರಮಾವನ ಮಕ್ಕಳನ್ನು ಮದುವೆಯಾಗುವ ಪದ್ಧತಿ ಇದೆ ಎಂದಾಗ ಆಯಿ ನಂಬಲೇ ಇಲ್ಲ. ಅಲ್ಲಿ 1980ರ ವಿವಾಹ ಕಾನೂನು ಅಂಥ ಮದುವೆಗಳನ್ನು ನಿಷೇಧಿಸಿತು.

ಅಲ್ಲಿನ ಮಕ್ಕಳ ಮೇಲೆ ಪರೀಕ್ಷೆಯ ಒತ್ತಡ ನಮಗಿಂತ ಹೆಚ್ಚೇ?

ಹೆಚ್ಚು ಎಂದೇ ನನ್ನ ಅಭಿಪ್ರಾಯ. ವಿಶ್ವವಿದ್ಯಾಲಯದ ಪ್ರವೇಶಕ್ಕೆ ಜೂನ್ 7ರಂದು ಆರಂಭವಾಗುವ 'ಗಾವ್‌ಕಾವ್' ಪರೀಕ್ಷೆಯನ್ನು 2024ರಲ್ಲಿ 1.34 ಕೋಟಿ ಮಕ್ಕಳು ಬರೆದರು. ಆ ದಿನಗಳಲ್ಲಿ ಪರೀಕ್ಷಾ ಕೇಂದ್ರದ ಸುತ್ತ ಕಟ್ಟಡದ ಕೆಲಸ ನಿಲ್ಲುತ್ತದೆ, ವಾಹನಗಳು ಹಾರ್ನ್ ಹಾಕುವುದಿಲ್ಲ. 2021ರಲ್ಲಿ ಸರ್ಕಾರವು ಶಾಲಾ ವಿಷಯಗಳ ಖಾಸಗಿ ಟ್ಯೂಷನ್ ಉದ್ಯಮವನ್ನು ಬಹುತೇಕ ಮುಚ್ಚಿಸಿತು. ನಮ್ಮ ಬೀದಿಯ ಮೂರು ಕೇಂದ್ರಗಳು ಒಂದೇ ಬೇಸಿಗೆಯಲ್ಲಿ ಖಾಲಿಯಾದವು, ಆದರೆ ಆತಂಕ ಖಾಲಿಯಾಗಲಿಲ್ಲ. ಶಕ್ತಿಯಿರುವವರು ಮನೆಗೇ ಮೇಷ್ಟ್ರನ್ನು ಕರೆಸಿದರು.

ಈ ಪರೀಕ್ಷೆಯ ಮೇಲಿನ ಶ್ರದ್ಧೆಯ ಬೇರು ತಿಳಿಯಬೇಕಾದರೆ ಆಯಿಯ ಪ್ರಾಯದವರನ್ನು ಕೇಳಬೇಕು. ಮಾವೋ ಆಳ್ವಿಕೆಯ, ಹಳೆಯ ಸಂಪ್ರದಾಯಗಳನ್ನು ಅಳಿಸಹೊರಟ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1966ರಿಂದ ಹನ್ನೊಂದು ವರ್ಷ, ಈ ಪರೀಕ್ಷೆಯೇ ಇರಲಿಲ್ಲ. ಕಾಲೇಜಿಗೆ ಯಾರು ಹೋಗಬೇಕೆಂಬುದನ್ನು ಅಂಕಗಳು ನಿರ್ಧರಿಸುತ್ತಿರಲಿಲ್ಲ. 1977ರ ಚಳಿಗಾಲದಲ್ಲಿ ಅದು ಮರಳಿದಾಗ 57 ಲಕ್ಷ ಜನ ಬರೆದರು, ಸುಮಾರು 2.7 ಲಕ್ಷ ಜನರಿಗೆ ಪ್ರವೇಶ ಸಿಕ್ಕಿತು. ಇಪ್ಪತ್ತೆರಡು ವರ್ಷದ ಆಯಿ ಅದನ್ನು ಬರೆಯಲು ಹಳ್ಳಿಯಿಂದ ಇಪ್ಪತ್ತು ಕಿಲೋಮೀಟರ್ ನಡೆದಿದ್ದರು, ಮರಗಟ್ಟಿದ ಬೆರಳುಗಳನ್ನು ಉಸಿರಿನಿಂದ ಬೆಚ್ಚಗೆ ಮಾಡಿಕೊಂಡು ಬರೆದಿದ್ದರು. ಆಯ್ಕೆಯಾಗಲಿಲ್ಲ. ಆದರೂ, ಯಾರ ಮಗಳು ಎಂದು ಕೇಳದೆ ಏನು ಬರೆದೆ ಎಂದು ಮಾತ್ರ ನೋಡಿದ ಮೊದಲ ದಿನ ಅದು ಎಂದು ಅವರು ಹೇಳುವಾಗ ಸೋತವರ ದನಿ ಇರುತ್ತಿರಲಿಲ್ಲ.

ಹಬ್ಬ, ಪಿತೃಪೂಜೆ ಮುಂತಾದವು ಉಳಿದಿವೆಯೇ?

ಉಳಿದಿವೆ, ಹಲವು ಕಡೆ ಮರಳಿ ಕಟ್ಟಲ್ಪಟ್ಟಿವೆ. 2019ರ ಹೊಸ ವರ್ಷಕ್ಕೆ ಆಯಿ ನಮ್ಮನ್ನು ತಮ್ಮ ಹಳ್ಳಿಗೆ ಕರೆದೊಯ್ದರು. ಹಾಂಗ್‌ಝೌನಿಂದ ಅವರ ಪ್ರಾಂತದ ಹುವಾಂಗ್‌ಶಾನ್‌ಗೆ ವೇಗದ ರೈಲು ಆರಂಭವಾಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಮೊದಲು ಇಡೀ ದಿನ ಹಿಡಿಯುತ್ತಿದ್ದ ಪಯಣ ಎರಡು ಗಂಟೆಯೊಳಗೆ ಮುಗಿದದ್ದಕ್ಕೆ ಅವರು ದಾರಿಯುದ್ದಕ್ಕೂ ಬೆರಗುಪಟ್ಟರು. ಬಿಳಿ ಗೋಡೆ, ಕಪ್ಪು ಹೆಂಚು, ಒಳಅಂಗಳಕ್ಕೆ ಮಳೆನೀರು ಬೀಳುವ ತೆರೆದ ಮಾಡು. ನಮ್ಮ ಹಳೆಯ ತೊಟ್ಟಿಮನೆಗಳನ್ನು ಕಂಡವರಿಗೆ ಅಲ್ಲಿ ದಾರಿ ತಪ್ಪುವುದಿಲ್ಲ.

ವರ್ಷದ ಹನ್ನೊಂದು ತಿಂಗಳು ಆ ಹಳ್ಳಿಯಲ್ಲಿ ಮುದುಕರೇ. ಹಬ್ಬದ ಹತ್ತು ದಿನ ಮಾತ್ರ ಬಾಗಿಲುಗಳೆಲ್ಲ ತೆರೆದು, ಕೆಂಪು ಕಾಗದದ ಹೊಸ ದ್ವಿಪದಿಗಳು ಕಂಬಗಳಿಗೆ ಅಂಟಿಕೊಂಡು, ಪ್ರತಿ ಅಂಗಳದಲ್ಲೂ ಹೊರಪ್ರಾಂತದ ನಂಬರಿನ ಕಾರು ನಿಂತಿತ್ತು. ಶಿರಸಿ, ಸಿದ್ದಾಪುರಗಳ ಕಡೆ ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಇಬ್ಬರೇ ಹಿರಿಯರು ಉಳಿದು, ದೀಪಾವಳಿಗೆ ಮಾತ್ರ ಜಗಲಿ ತುಂಬುವುದನ್ನು ಕಂಡವಳಿಗೆ ಅದು ಪರದೇಶವೆನಿಸಲಿಲ್ಲ. ಊಟದ ನಡುವೆ ಮಕ್ಕಳ ಫೋನಿಗೆ ಲಕೋಟೆಗಳು ಟಣ್ ಟಣ್ ಎಂದು ಬಂದು ಬೀಳುತ್ತಿದ್ದರೂ, ಆಯಿ ಬ್ಯಾಂಕಿನಿಂದ ತಂದ ಗರಿಗರಿ ನೋಟುಗಳನ್ನು ಕಾಗದದ ಲಕೋಟೆಗಳಲ್ಲೇ ಕೊಟ್ಟರು.

ಹಳ್ಳಿಯ ನಡುವೆ ಅವರ ಮನೆತನದ ಪಿತೃಮಂದಿರವಿದೆ. 1966ರಲ್ಲಿ ಅಲ್ಲಿನ ವಂಶಾವಳಿಯ ಪುಸ್ತಕವನ್ನು ಸುಡಲಾಯಿತು. ಅವರ ಮಾವ ಒಂದು ಪ್ರತಿಯನ್ನು ಕಳಲೆಯ ಉಪ್ಪಿನಕಾಯಿಯ ಜಾಡಿಯ ತಳದಲ್ಲಿ ಬಚ್ಚಿಟ್ಟಿದ್ದರಿಂದ ಅದನ್ನು ಈಗ ಮರುಮುದ್ರಿಸಿದ್ದಾರೆ, ಮತ್ತು ಈ ಸಲ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿದ್ದಾರೆ. ಒಬ್ಬಳೇ ಮಗಳಿರುವ ಮನೆಗಳಲ್ಲಿ ಬೇರೆ ದಾರಿ ಇರಲಿಲ್ಲ ಎಂದು ಕೆಲವರು ಹೇಳಿದರು. ಕಾರಣ ಏನೇ ಇರಲಿ, ಮೊಮ್ಮಗಳ ಹೆಸರು ಅಚ್ಚಾದ ಸಾಲಿನ ಮೇಲೆ ಆಯಿ ಬೆರಳಿಟ್ಟು ತೋರಿಸಿದ್ದು ನನಗೆ ಮರೆಯುವುದಿಲ್ಲ.

ಏಪ್ರಿಲ್ 4 ಅಥವಾ 5ರಂದು ಬರುವ 'ಛಿಂಗ್‌ಮಿಂಗ್' ಹಿರಿಯರ ಸಮಾಧಿಗಳನ್ನು ಗುಡಿಸಿ ಎಡೆ ಇಡುವ ದಿನ; 2008ರಿಂದ ಅದಕ್ಕೆ ಸರ್ಕಾರಿ ರಜೆಯಿದೆ. ನಮ್ಮ ಮಹಾಲಯ ಅಮಾವಾಸ್ಯೆಗೆ ಸಮೀಪದ ಭಾವವಾದರೂ ಅದು ವಸಂತದ ಹಬ್ಬ, ಹಸಿರು ಸೊಪ್ಪಿನ ರಸ ಕಲಸಿದ ಅಕ್ಕಿಹಿಟ್ಟಿನ ಕಡುಬು ಅಂದಿನ ವಿಶೇಷ.

ಎಲ್ಲೆಡೆ ಕ್ಯಾಮೆರಾ, ಪ್ರತಿಯೊಬ್ಬನಿಗೂ ಸರ್ಕಾರದ ಅಂಕ ಎನ್ನುತ್ತಾರಲ್ಲ?

ಕ್ಯಾಮೆರಾಗಳು ನಿಜ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಿರ್ಭಯವಾಗಿ ನಡೆದು ಮನೆಗೆ ಬಂದಿದ್ದೇನೆ ಎಂಬುದೂ ನಿಜ. ಪ್ರತಿ ಪ್ರಜೆಗೂ ದೇಶಮಟ್ಟದಲ್ಲಿ ಒಂದು ಅಂಕ ಕೊಡುತ್ತಾರೆಂಬುದು ಮಾತ್ರ ನಿಜವಲ್ಲ. ನ್ಯಾಯಾಲಯದ ತೀರ್ಪಿನಂತೆ ಸಾಲ ತೀರಿಸದವರ ಪಟ್ಟಿಯೊಂದಿದೆ. ಅದರಲ್ಲಿ ಹೆಸರಿದ್ದವರಿಗೆ ವಿಮಾನದ, ವೇಗದ ರೈಲಿನ ಟಿಕೆಟ್ ಸಿಗುವುದಿಲ್ಲ. ಕೆಲವು ಊರುಗಳು ಅಂಕದ ಪ್ರಯೋಗ ಮಾಡಿದ್ದುಂಟು, ಹಾಂಗ್‌ಝೌನ ನಮ್ಮ ನೆರೆಹೊರೆಯಲ್ಲಿ ಅದರ ಮಾತೇ ಇರಲಿಲ್ಲ.

ಆದರೆ ಆಡಬಾರದ ಮಾತಿನ ಗೆರೆ ಎಲ್ಲರಿಗೂ ಗೊತ್ತು, ಅದರ ಭಾರವನ್ನು ನಾನು ಹಗುರ ಮಾಡಿ ಹೇಳಲಾರೆ. ಬೆಳಗ್ಗೆ ಓದಿದ ಲೇಖನ ಸಂಜೆಗೆ ಅಳಿಸಿಹೋಗಿರುತ್ತಿತ್ತು. ಊಟದ ಮೇಜಿನಲ್ಲಿ ಬಿಚ್ಚುಮನಸ್ಸಿನಿಂದ ಮಾತಾಡುವವರು ಅದೇ ಮಾತನ್ನು ಫೋನಿನಲ್ಲಿ ಬರೆಯುತ್ತಿರಲಿಲ್ಲ. ಆಯಿ ತಮ್ಮ ಪರೀಕ್ಷೆಯ ಕತೆಯನ್ನು ನನಗೆ ಹೇಳಿದ್ದು ಮೂರನೆಯ ವರ್ಷದಲ್ಲಿ, ಸರೋವರದ ದಂಡೆಯಲ್ಲಿ ನಡೆಯುವಾಗ.

ಭಾರತೀಯರನ್ನು ಅವರು ಹೇಗೆ ಕಾಣುತ್ತಾರೆ?

ನಾನು ಕಂಡಂತೆ, ಕುತೂಹಲದಿಂದ ಮತ್ತು ಆದರದಿಂದ. ಹಾಂಗ್‌ಝೌನ ಲಿಂಗ್‌ಯಿನ್ ದೇಗುಲವನ್ನು 4ನೆಯ ಶತಮಾನದಲ್ಲಿ ಭಾರತದಿಂದ ಬಂದ ಭಿಕ್ಷುವೊಬ್ಬರು ಸ್ಥಾಪಿಸಿದರೆಂಬುದು ಅಲ್ಲಿನ ಐತಿಹ್ಯ. ಎದುರಿನ ಬೆಟ್ಟವನ್ನು ಕಂಡು ಅವರು, ಇದು ನಮ್ಮ ದೇಶದ ಶಿಖರ, ಇಲ್ಲಿಗೆ ಯಾವಾಗ ಹಾರಿ ಬಂತು ಎಂದು ಕೇಳಿದರಂತೆ. ಅದರ ಹೆಸರೇ ಹಾರಿ ಬಂದ ಬೆಟ್ಟ. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದ ಹ್ಯೂಯೆನ್ ತ್ಸಾಂಗ್ ಅಲ್ಲಿನ ಪ್ರತಿ ಮಗುವಿಗೂ ಪರಿಚಿತ. 2020ರ ಗಡಿ ಘರ್ಷಣೆಯ ದಿನಗಳಲ್ಲಿ ನಮಗೆ ಅಳುಕಿತ್ತು. ಆ ವಾರ ಆಯಿ ಬಾಗಿಲು ತಟ್ಟಿ ಒಂದು ಬುಟ್ಟಿ ಪ್ಲಮ್ ಹಣ್ಣು ಕೊಟ್ಟು ಹೋದರು, ಆ ವಿಷಯ ಎತ್ತಲಿಲ್ಲ.

ಈಗ ಅವರೊಂದಿಗೆ ಸಂಪರ್ಕ ಇದೆಯೇ?

ಇದೆ, ಆದರೆ ಫೋನಿನ ಮೂಲಕ ಅಲ್ಲ. ಚೀನಾದಲ್ಲಿ ವಾಟ್ಸಾಪ್ ತೆರೆಯುವುದಿಲ್ಲ. ಭಾರತದಲ್ಲಿ 2020ರ ಜೂನ್ 29ರಂದು ನಿಷೇಧವಾದ 59 ಆ್ಯಪ್‌ಗಳಲ್ಲಿ ವೀಚಾಟ್ ಒಂದು. ಅಲ್ಲಿಯವರೆಗೆ ಶಿರಸಿಯಲ್ಲಿದ್ದ ನನ್ನ ತಾಯಿ ಪ್ರತಿ ಸಂಜೆ ವೀಚಾಟಿನಲ್ಲಿ ಮುಖ ತೋರಿಸುತ್ತಿದ್ದರು. ಆ ವಾರದಿಂದ ಅದು ನಿಂತಿತು. ನಿರ್ಬಂಧ ದಾಟಿಸುವ ವಿಪಿಎನ್ ಹಿಡಿದು ವಾಟ್ಸಾಪ್ ತೆರೆದರೂ ದಿನಗಟ್ಟಲೆ ಸಂಪರ್ಕ ಕಡಿದುಹೋಗುತ್ತಿತ್ತು, ವಿಮಾನಗಳೂ ಇರಲಿಲ್ಲ. ಇಬ್ಬರು ಆಯಿಯಂದಿರಲ್ಲಿ ಒಬ್ಬರ ದನಿ ಕೇಳದಾದ ಆ ತಿಂಗಳುಗಳಲ್ಲಿ ಇನ್ನೊಬ್ಬರು ದಿನವೂ ಸಂಜೆ, ತಾಯಿಯ ಸುದ್ದಿ ಬಂತೇ ಎಂದು ಕೇಳಲು ಬರುತ್ತಿದ್ದರು.

ಈಗ ನಾನು ಶಿರಸಿಯಲ್ಲಿದ್ದೇನೆ, ಅವರ ದನಿ ಕೇಳುವುದಿಲ್ಲ. ಮೊಮ್ಮಗಳು ಹತ್ತು ದಾಟಿದ ಮೇಲೆ ಅವರು ಗಂಡನಿರುವ ಹಳ್ಳಿಗೆ ಮರಳಿದ್ದಾರೆ. ವಸಂತದಲ್ಲಿ ಅಂಚೆಯ ಮೂಲಕ ಒಂದು ಪೊಟ್ಟಣ ಬರುತ್ತದೆ: ಛಿಂಗ್‌ಮಿಂಗ್‌ಗೆ ಮೊದಲು ಕಿತ್ತ ಚಹಾ ಎಲೆ, ಒಂದು ಕಾಗದ. ನಾನು ಗದ್ದೆಯ ಚೌಕಗಳಿರುವ ಅದೇ ಪುಸ್ತಕದ ಹಾಳೆ ಹರಿದು ಉತ್ತರ ಬರೆಯುತ್ತೇನೆ. ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತದೆ. ಮುಂದಿನ ಪೊಟ್ಟಣದೊಳಗೆ ನನ್ನ ಹಿಂದಿನ ಕಾಗದವೂ ಮರಳಿ ಬರುತ್ತದೆ, ತಪ್ಪಿದ ಗೆರೆಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿರುತ್ತಾರೆ.